ಗ್ರೀಕಿಗೆ ಮರಳುವ ವೈದ್ಯನುಡಿ: ಗಂಭೀರ ತೊಡಕುಗಳ ಅನುವಾದವನ್ನು ಕುರಿತು



ವೈದ್ಯಕೀಯ ಇಂಗ್ಲಿಷನ್ನು ಗ್ರೀಕಿಗೆ ತರುವುದು ಅನುವಾದವೇ ಅಲ್ಲ, ಬರಿಯ ಲಿಪಿ ಬದಲಾವಣೆ ಎಂಬ ಭಾವನೆ ವಿದ್ಯಾವಂತರಲ್ಲೂ ಇದೆ. ಥ್ರಾಂಬೋಸಿಸ್, ಎಂಬಾಲಿಸಮ್, ಸೆಪ್ಸಿಸ್, ಗ್ಯಾಂಗ್ರೀನ್, ನೆಕ್ರೋಸಿಸ್, ಕೋಮಾ. ತೀವ್ರ ನಿಗಾ ಘಟಕದ ಹೊರಗೆ ಕಾಯುವವರ ಕಿವಿಗೆ ಬೀಳುವ ಈ ಹೆಸರುಗಳೆಲ್ಲ ಗ್ರೀಕ್ ಮೂಲದವೇ. ಗ್ರೀಕರದನ್ನು ಗ್ರೀಕರಿಗೆ ಒಪ್ಪಿಸುವುದರಲ್ಲಿ ಕಷ್ಟವೇನು ಬಂತು? ಈ ಭಾವನೆಯನ್ನೇ ಇಂದು ನಾನು ಪರೀಕ್ಷೆಗೆ ಒಡ್ಡಬಯಸುತ್ತೇನೆ. ಗಂಭೀರ ತೊಡಕುಗಳನ್ನು ಹೇಳುವ ಇಂಗ್ಲಿಷ್ ಮಾತು ಗ್ರೀಕಿಗೆ ಹೋಗುವಾಗ ಎದುರಾಗುವ ಕಷ್ಟಕ್ಕೆ ಎರಡು ಭಾಷೆಗಳ ಹೋಲಿಕೆಯೇ ಕಾರಣ ಎಂಬುದು ನನ್ನ ವಾದ. ಹೋಲುವ ಶಬ್ದ ಕಂಡ ಕೂಡಲೇ ಅನುವಾದಕ ಎಚ್ಚರ ತಪ್ಪುತ್ತಾನೆ. ಪರಿಶೀಲಿಸುವವರೂ ತಪ್ಪುತ್ತಾರೆ. ಅದರ ಹೊರೆ ಬೀಳುವುದು ಕಾಗದ ಓದಿ ಸಹಿ ಹಾಕುವ ರೋಗಿಯ ಮೇಲೆ.

ಈ ಹೋಲಿಕೆ ಬಂದ ದಾರಿಯನ್ನು ಮೊದಲು ನೋಡೋಣ. ಹಿಪ್ಪೊಕ್ರಟೀಸನ ಹೆಸರಿನಲ್ಲಿ ಉಳಿದು ಬಂದಿರುವ ಸುಮಾರು 60 ಗ್ರಂಥಗಳಲ್ಲಿ ಹೆಚ್ಚಿನವು ಕ್ರಿಸ್ತಪೂರ್ವ 5 ಮತ್ತು 4ನೆಯ ಶತಮಾನಗಳವು. ಅವುಗಳ ಭಾಷೆ ಅಯೋನಿಯದ ಗ್ರೀಕ್. ಅವನ್ನು ಬರೆದ ವೈದ್ಯರು ಹೊಸ ಶಬ್ದ ಕಟ್ಟಲು ಹೋಗದೆ ಎದುರಿಗಿದ್ದ ಆಡುಮಾತನ್ನೇ ಎತ್ತಿಕೊಂಡರು. ಗಡ್ಡೆಗೆ ಕಾರ್ಕಿನೋಸ್ ಎಂದರು. ಅದು ಏಡಿಯ ಹೆಸರು. ಕೊಳೆಯುವುದಕ್ಕೆ ಅಡುಗೆಮನೆಯಲ್ಲೂ ಹೊಲದಲ್ಲೂ ಇದ್ದ ಶಬ್ದವೇ ಹುಣ್ಣು ಕೊಳೆಯುವುದಕ್ಕೂ ಸಾಕಾಯಿತು. ಅವರ ಕಣ್ಣು ರೋಗದ ಹೆಸರಿಗಿಂತ ಲಕ್ಷಣದ ಮೇಲೆ ಹೆಚ್ಚು ಇತ್ತು. ರೋಗ ಮುಂದೆ ಎತ್ತ ಸಾಗುವುದೆಂದು ಹೇಳುವ ಗ್ರಂಥವೊಂದರಲ್ಲಿ ಸಾವಿನ ಸಮೀಪಕ್ಕೆ ಬಂದವನ ಮುಖದ ವರ್ಣನೆಯಿದೆ: ಚೂಪಾದ ಮೂಗು, ಗುಳಿಬಿದ್ದ ಕಣ್ಣು, ಕುಸಿದ ಕಣತಲೆ, ತಣ್ಣಗಾದ ಕಿವಿ. ವೈದ್ಯರು ಅದನ್ನು ಇಂದಿಗೂ ಹಿಪ್ಪೊಕ್ರಟೀಸನ ಮುಖ ಎಂದೇ ಕರೆಯುತ್ತಾರೆ. ಲಕ್ಷಣವನ್ನು ಬಿಡಿಸಿ ಹೇಳುವ ಈ ಅಭ್ಯಾಸದ ಕಡೆಗೆ ನಾನು ಮುಂದೆ ಮರಳಬೇಕಾಗುತ್ತದೆ.

ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮಿನ ಸೆಲ್ಸಸ್ ಗ್ರೀಕ್ ವೈದ್ಯವನ್ನು ಲ್ಯಾಟಿನ್ನಿಗೆ ತಂದ. ಅದೇ ರೋಮಿನಲ್ಲಿ ಮುಂದಿನ ಶತಮಾನದಲ್ಲಿ ಹೆಸರು ಮಾಡಿದ ಪೆರ್ಗಮಮಿನ ಗೇಲನ್ ಮಾತ್ರ ಗ್ರೀಕಿನಲ್ಲೇ ಬರೆದ. 9ನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತು ಅವನ ಬಳಗ ಗೇಲನ್ನನನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗಳಿಗೆ ತಂದರು. ಹುನೈನ್ ಹಲವು ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು ಪಾಠ ಶುದ್ಧ ಮಾಡಿ, ಆಮೇಲೆ ಅರ್ಥ ಹಿಡಿದು ಅನುವಾದಿಸುತ್ತಿದ್ದವನು. ಅನುವಾದಕರ ಚರಿತ್ರೆ ಬರೆಯುವವರು ಅವನಿಗೆ ಒಂದು ಅಧ್ಯಾಯವನ್ನಾದರೂ ಕೊಡಬೇಕು. ಆ ಪರಂಪರೆಯ ವೈದ್ಯವೇ ಪರ್ಷಿಯದ ಮೂಲಕ ನಮ್ಮಲ್ಲಿಗೆ ಬಂದ ಯುನಾನಿ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಹೆಸರಿನೊಳಗೆ ಅಯೋನಿಯ ಎಂಬ ನಾಡಿನ ಹೆಸರು ಅಡಗಿ ಕೂತಿದೆ.

ಇದರ ಮುಂದಿನ ಘಟ್ಟ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 19ನೆಯ ಶತಮಾನದಲ್ಲೂ ಅದರ ಬೆನ್ನಲ್ಲೂ ಪ್ಯಾರಿಸ್, ಬರ್ಲಿನ್, ಲಂಡನ್, ಬಾಸ್ಟನ್‌ಗಳ ವೈದ್ಯರು ಗ್ರೀಕ್ ಧಾತುಗಳನ್ನು ಹೆಕ್ಕಿ ಹೊಸ ಶಬ್ದಗಳನ್ನು ಕಟ್ಟಿದರು. 1846ರಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದು ಸುದ್ದಿಯಾದಾಗ ಅನಸ್ತೀಸಿಯ ಎಂಬ ಹೆಸರನ್ನು ಸೂಚಿಸಿದವರು ಅಮೆರಿಕದ ವೈದ್ಯ ಮತ್ತು ಲೇಖಕ ಆಲಿವರ್ ವೆಂಡೆಲ್ ಹೋಮ್ಸ್. ಲ್ಯುಕೀಮಿಯ, ಎಂಬಾಲಿಸಮ್ ಎಂಬ ಹೆಸರುಗಳಿಗೆ ಜರ್ಮನಿಯ ರುಡಾಲ್ಫ್ ವಿರ್ಕೊ ಕಾರಣ. 1902ರಲ್ಲಿ ಅನಫಿಲಾಕ್ಸಿಸ್ ಎಂಬುದನ್ನು ಕಟ್ಟಿದವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಅವರ ಸಹೋದ್ಯೋಗಿ. ಇವರಲ್ಲಿ ಯಾರೂ ಗ್ರೀಕರಲ್ಲ. ಇವರಿಗೆ ಗ್ರೀಕ್ ಭಾಷೆ ಯಾರೂ ಆಡದ, ಆದ್ದರಿಂದ ಯಾರನ್ನೂ ನೋಯಿಸದ ಪಂಡಿತ ಭಾಷೆ. ಆದರೆ ಅದೇ ಹೊತ್ತಿಗೆ ಅಥೆನ್ಸಿನಲ್ಲಿ ಜನ ಆ ಭಾಷೆಯಲ್ಲಿ ತರಕಾರಿ ಕೊಳ್ಳುತ್ತಿದ್ದರು, ಜಗಳವಾಡುತ್ತಿದ್ದರು. ಹೊರಗಿನವರು ಕಟ್ಟಿದ ಗ್ರೀಕ್ ಒಂದು, ಬಾಯಲ್ಲಿ ಬೆಳೆದ ಗ್ರೀಕ್ ಇನ್ನೊಂದು. ಅನುವಾದಕ ನಿಂತಿರುವುದು ಇವೆರಡರ ನಡುವೆ.

ಕಟ್ಟಿದ ಶಬ್ದಗಳು ಊರಿಗೆ ಬಂದಾಗ ಗ್ರೀಕರು ಕೆಲವನ್ನು ತಿದ್ದಿಯೇ ಒಳಗೆ ಬಿಟ್ಟುಕೊಂಡರು. ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರಿಗೆ ಅವರು ಲೆಫ್ಖೆಮಿಯ ಎನ್ನುತ್ತಾರೆ. ಹಳೆಯ ಗ್ರೀಕ್ ಸಂಧಿಯ ಪ್ರಕಾರ ಅಲ್ಲಿ ಅಲ್ಪಪ್ರಾಣ ಮಹಾಪ್ರಾಣವಾಗಬೇಕು. ಜರ್ಮನಿಯ ವೈದ್ಯರಿಗೆ ಅದು ಬೇಕಿರಲಿಲ್ಲ, ಗ್ರೀಕರಿಗೆ ಬೇಕಿತ್ತು. ಥಲಸೀಮಿಯದ ಕತೆ ಇನ್ನೂ ಸ್ವಾರಸ್ಯವಾದುದು. ಸಮುದ್ರ ಮತ್ತು ರಕ್ತ ಎಂಬ ಎರಡು ಗ್ರೀಕ್ ಪದಗಳನ್ನು ಸೇರಿಸಿ ಅಮೆರಿಕದಲ್ಲಿ 1932ರಲ್ಲಿ ಆ ಹೆಸರನ್ನು ಬಳಕೆಗೆ ತಂದರು. ಆದರೆ ಆ ಕಾಯಿಲೆ ತಲೆಮಾರುಗಳಿಂದ ಕಾಡುತ್ತ ಬಂದ ಗ್ರೀಸ್ ಮತ್ತು ಸೈಪ್ರಸ್‌ನ ಜನ ಇಂದಿಗೂ ಹೇಳುವುದು ಮೆಸೊಯಿಯಾಕಿ ಅನೆಮಿಯ, ಎಂದರೆ ಮೆಡಿಟರೇನಿಯನ್ ರಕ್ತಹೀನತೆ. ಕಾಯಿಲೆಯನ್ನು ಮಕ್ಕಳಿಗೆ ದಾಟಿಸಬಲ್ಲ, ತಾನು ಮಾತ್ರ ಆರೋಗ್ಯವಾಗಿರುವ ವ್ಯಕ್ತಿಯನ್ನು ಕುರಿತು ಇಂಗ್ಲಿಷ್ ಟ್ರೇಟ್ ಇದೆ ಎನ್ನುತ್ತದೆ. ಗ್ರೀಕ್ ಸ್ತಿಗ್ಮ ಇದೆ ಎನ್ನುತ್ತದೆ. ಅಲ್ಲಿ ಆ ಶಬ್ದಕ್ಕೆ ಗುರುತು, ಚುಕ್ಕೆ ಎಂಬ ಅರ್ಥವೂ ಇದೆ, ಕಳಂಕ ಎಂಬ ಅರ್ಥವೂ ಇದೆ. ಮದುವೆಗೆ ಮುನ್ನ ತಪಾಸಣೆಯ ಪ್ರಮಾಣಪತ್ರವನ್ನು ಚರ್ಚ್ ಕೇಳುವ ಸೈಪ್ರಸ್ಸಿನಲ್ಲಿ ಈ ಶಬ್ದವನ್ನು ಯಾವ ದನಿಯಲ್ಲಿ ಬರೆಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಈಗ ತೊಡಕುಗಳ ಕಡೆಗೆ ಬರೋಣ. ರೋಗದ ಅಥವಾ ಚಿಕಿತ್ಸೆಯ ನಡುವೆ ಹೊಸದಾಗಿ ಎದ್ದು ಪ್ರಾಣಕ್ಕೂ ಸಂಚಕಾರ ತರಬಲ್ಲ ಸ್ಥಿತಿಗೆ ಇಂಗ್ಲಿಷಿನಲ್ಲಿ ಕಾಂಪ್ಲಿಕೇಶನ್, ಗ್ರೀಕಿನಲ್ಲಿ ಎಪಿಪ್ಲೊಕಿ. ಒಂದರ ಮೇಲೊಂದು ಹೆಣೆದುಕೊಳ್ಳುವುದು ಅದರ ಮೂಲಾರ್ಥ. ನಮ್ಮ ತೊಡಕಿಗೂ ಸಿಕ್ಕು ಬೀಳುವ ಅರ್ಥವೇ ಇರುವುದರಿಂದ ಈ ಒಂದು ಶಬ್ದದ ಮಟ್ಟಿಗೆ ಮೂರೂ ಭಾಷೆಗಳು ಒಂದೇ ದಾರಿಯಲ್ಲಿವೆ. ಅದರಾಚೆಗೆ ದಾರಿ ಕವಲೊಡೆಯುತ್ತದೆ.

ಸೆಪ್ಸಿಸ್ ಎಂದಾಗ ಇಂಗ್ಲಿಷ್ ಓದುಗನಿಗೆ ಒಂದು ತಾಂತ್ರಿಕ ಹೆಸರು ಕೇಳಿಸುತ್ತದೆ. ಅದರೊಳಗೆ ಏನಿದೆ ಎಂದು ಅವನಿಗೆ ಕಾಣುವುದಿಲ್ಲ. ಗ್ರೀಕಿನಲ್ಲಿ ಅದು ಸಿಪ್ಸಿ: ಕೊಳೆತ. ಹಣ್ಣು ಕೊಳೆತರೂ ಸಿಪ್ಸಿ, ರಾಜಕಾರಣ ಕೊಳೆತು ನಾರಿದರೂ ಪತ್ರಿಕೆಯಲ್ಲಿ ಅದೇ ಶಬ್ದ. ನಿಮ್ಮ ತಾಯಿಗೆ ಸಿಪ್ಸಿ ಆಗಿದೆ ಎಂದರೆ ಮಗನ ಕಿವಿಗೆ ಬೀಳುವುದು ಏನೆಂದು ಊಹಿಸಿ. ನೆಕ್ರೋಸಿಯಲ್ಲಿ ಹೆಣ ಇದೆ. ಅನೆಸ್ಥಿತೊಸ್ ಎಂದರೆ ಪ್ರಜ್ಞೆಯಿಲ್ಲದವನೂ ಹೌದು, ಕರುಣೆಯಿಲ್ಲದ ಕಟುಕನೂ ಹೌದು, ಎರಡನೆಯದು ಬೈಗುಳ. ಅದಕ್ಕೇ ಅಲ್ಲಿನ ವಾರ್ತೆಗಳು ಅಪಘಾತದಲ್ಲಿ ಬಿದ್ದವನನ್ನು ಇಂದ್ರಿಯಗಳ ಅರಿವಿಲ್ಲದೆ ಸಿಕ್ಕಿದ ಎಂದು ಬಳಸು ಮಾತಿನಲ್ಲಿ ಹೇಳುತ್ತವೆ. ರಕ್ತದೊತ್ತಡ ಕುಸಿದು ಅಂಗಾಂಗಗಳಿಗೆ ರಕ್ತ ಹೋಗದ ಶಾಕ್ ಎಂಬ ಸ್ಥಿತಿಗೆ ಗ್ರೀಕ್ ವೈದ್ಯಗ್ರಂಥದಲ್ಲಿ ಕತಪ್ಲಿಕ್ಸಿಯ ಎಂಬ ಶಬ್ದವಿದೆ. ಅದರ ಸೋದರ ಶಬ್ದವಾದ ಕತಪ್ಲಿಕ್ತಿಕೊ ಎಂಬುದಕ್ಕೆ ಬಳಕೆಯ ಅರ್ಥ ಅದ್ಭುತ, ಸೊಗಸು! ವಾರ್ಡಿನ ಮಾತಿನಲ್ಲಿ ವೈದ್ಯರು ಹೊರಗಿನಿಂದ ಬಂದ ಸೋಕ್ ಎಂಬುದನ್ನೇ ಆಯ್ದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಸ್ತೆನೊಸಿ, ರಕ್ತನಾಳ ಕಿರಿದಾಗುವುದು. ಮುಂದೆ ರಸ್ತೆ ಕಿರಿದಾಗಿದೆ ಎಂಬ ಫಲಕದ ಮೇಲೂ ಅದೇ. ರೋಗದ ಮುಂದಿನ ಗತಿಯನ್ನು ಹೇಳುವ ಪ್ರೋಗ್ನೊಸಿ ನಾಳಿನ ಮಳೆಯ ಮುನ್ಸೂಚನೆಗೂ ಸಲ್ಲುತ್ತದೆ. ವೈದ್ಯರು ರೋಗಿಯ ಜೊತೆ ಎಂಪತಿಯಿಂದ, ಎಂದರೆ ಸಹಾನುಭೂತಿಯಿಂದ, ಮಾತಾಡಬೇಕು ಎಂಬ ಇಂಗ್ಲಿಷ್ ಸಲಹೆಯನ್ನು ಹೋಲಿಕೆ ನಂಬಿ ಎಂಬಾಥಿಯ ಎಂದು ಬರೆದರೆ ಅದು ದ್ವೇಷದಿಂದ ಮಾತಾಡಬೇಕು ಎಂದಾಗುತ್ತದೆ. ಅದಕ್ಕೆ ಅವರು ಎನ್‌ಸಿನೆಸ್ಥಿಸಿ ಎಂಬ ಬೇರೆಯೇ ಶಬ್ದವನ್ನು ಇಟ್ಟುಕೊಂಡಿದ್ದಾರೆ.

ಇಂಗ್ಲಿಷಿನಲ್ಲಿ ಗ್ರೀಕ್ ಶಬ್ದ ಒಂದು ಮುಸುಕು. ವೈದ್ಯ ಅದರ ಹಿಂದೆ ನಿಂತು ಮಾತಾಡುತ್ತಾನೆ, ರೋಗಿಯೂ ಒಮ್ಮೊಮ್ಮೆ ಅದರ ಹಿಂದೆ ಅಡಗುತ್ತಾನೆ. ಗ್ರೀಕಿಗೆ ಬಂದೊಡನೆ ಮುಸುಕು ಬಿದ್ದು ಹೋಗುತ್ತದೆ. ಹಾಗೆ ಬಿದ್ದುಹೋಗುವುದು ಒಳ್ಳೆಯದೇ ಅಲ್ಲವೇ, ರೋಗಿಗೆ ಅರ್ಥವಾಗುತ್ತದಲ್ಲ ಎಂದು ನೀವು ಕೇಳಬಹುದು. ಅರ್ಥವಾದಂತೆ ತೋರುತ್ತದೆ, ಅಷ್ಟೆ. ಸಿಪ್ಸಿ ಎಂಬುದನ್ನು ಕೇಳಿದ ಗ್ರೀಕನಿಗೆ ದೇಹ ಕೊಳೆಯುತ್ತಿದೆ ಎಂಬ ಚಿತ್ರ ಬರುತ್ತದೆ. ಸೋಂಕಿಗೆ ದೇಹವೇ ಹದ್ದು ಮೀರಿ ಪ್ರತಿಕ್ರಿಯಿಸಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದು ಇಂದಿನ ವೈದ್ಯದ ಅರ್ಥ; ಅದು ಆ ಚಿತ್ರದಲ್ಲಿಲ್ಲ. ಗೊತ್ತಿಲ್ಲದ ಶಬ್ದವನ್ನು ಕೇಳಿದವನು ಹಾಗೆಂದರೇನು ಎಂದು ವಿಚಾರಿಸುತ್ತಾನೆ. ಗೊತ್ತಿರುವ ಶಬ್ದ ಕೇಳಿದವನು ವಿಚಾರಿಸುವುದಿಲ್ಲ.

ಮುಸುಕಿಗೆ ಗ್ರೀಕರಲ್ಲಿ ಬೇರೊಂದು ವ್ಯವಸ್ಥೆ ಇತ್ತು, ಅದರ ಅವಶೇಷ ಇನ್ನೂ ಇದೆ. ಆಧುನಿಕ ಗ್ರೀಸಿಗೆ ತಿದ್ದಿ ತೀಡಿದ ಬರಹದ ಭಾಷೆಯೊಂದು ಬೇಕೆಂದು ವಾದಿಸಿದ ಅದಮಾಂತಿಯೊಸ್ ಕೊರೈಸ್ ಸ್ವತಃ ವೈದ್ಯ. 1748ರಲ್ಲಿ ಸ್ಮಿರ್ನಾದಲ್ಲಿ ಹುಟ್ಟಿ, ಮೋಂಪೆಲಿಯೆಯಲ್ಲಿ ವೈದ್ಯ ಓದಿ, ಪ್ಯಾರಿಸ್ಸಿನಲ್ಲಿ ನೆಲೆಸಿದವರು. ಗಾಳಿ, ನೀರು, ನೆಲಗಳನ್ನು ಕುರಿತ ಹಿಪ್ಪೊಕ್ರಟೀಸನ ಗ್ರಂಥವನ್ನು 1800ರಲ್ಲಿ ಸಂಪಾದಿಸಿ ಫ್ರೆಂಚಿಗೆ ತಂದವರು. ಅವರ ವಿಚಾರದ ನೆರಳಲ್ಲಿ ಬೆಳೆದ ಕಥರೆವುಸ ಎಂಬ ಶುದ್ಧಭಾಷೆ ಸರಕಾರ, ನ್ಯಾಯಾಲಯ, ವೈದ್ಯಶಾಲೆಗಳ ಭಾಷೆಯಾಯಿತು. ಮನೆಯಲ್ಲಿ ಆಡುವ ದಿಮೊತಿಕಿ ಹೊರಗೇ ನಿಂತಿತು. 1901ರಲ್ಲಿ ಸುವಾರ್ತೆಯನ್ನು ದಿಮೊತಿಕಿಗೆ ಅನುವಾದಿಸಿ ಪತ್ರಿಕೆಯಲ್ಲಿ ಪ್ರಕಟಿಸಿದ್ದಕ್ಕೆ ಅಥೆನ್ಸಿನ ಬೀದಿಗಳಲ್ಲಿ ಗಲಭೆಯಾಗಿ ಎಂಟು ಜನ ಸತ್ತರು, ಸರಕಾರ ಬಿತ್ತು. ಅನುವಾದವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ನಾಡು ಇನ್ನೊಂದಿರಲಾರದು. 1976ರಲ್ಲಿ ಕಾನೂನು ದಿಮೊತಿಕಿಯ ಪರ ನಿಂತಿತು. ಆದರೆ ವೈದ್ಯರ ಬಾಯಲ್ಲಿ ಶುದ್ಧಭಾಷೆ ಪೂರ್ತಿ ಸತ್ತಿಲ್ಲ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಡಕನ್ನು ಇಂಗ್ಲಿಷ್ ಡೀಪ್ ಎಂಬ ಚಿಕ್ಕ ಶಬ್ದದಿಂದ ಸೂಚಿಸುತ್ತದೆ; ಗ್ರೀಕ್ ಎನ್ ತೊ ವಾಥಿ ಎನ್ನುತ್ತದೆ. ಅಲ್ಲಿರುವುದು ಚತುರ್ಥಿ ವಿಭಕ್ತಿ. ಆಡುಮಾತು ಆ ವಿಭಕ್ತಿಯನ್ನು ಬಿಟ್ಟು ನೂರಾರು ವರ್ಷವಾಗಿದೆ. ನಮ್ಮಲ್ಲಿ ಹಳಗನ್ನಡದ ಪ್ರತ್ಯಯವೊಂದನ್ನು ಎಕ್ಸ್-ರೇ ವರದಿಯಲ್ಲಿ ಬಳಸಿದರೆ ಹೇಗಿರುತ್ತದೋ ಹಾಗೆ.

ಇದಕ್ಕೆ ಎದುರಾಗಿ ಹಳ್ಳಿಯ ಬಾಯಿಮಾತಿದೆ. ಮಿದುಳಿನ ಆಘಾತಕ್ಕೆ ಹಿರಿಯರು ದಬ್ಲಾಸ್ ಎನ್ನುತ್ತಾರೆ, ಅದು ತುರ್ಕಿಯಿಂದ ಬಂದದ್ದು. ಕೋಲ್ಪೊಸ್ ಎನ್ನುತ್ತಾರೆ, ಅದು ಇಟಾಲಿಯನ್ನಿನ ಪೆಟ್ಟು. ಸಕ್ಕರೆ ಕಾಯಿಲೆಗೆ ಜಾಖರೊ, ಸಕ್ಕರೆ. ಇಂಥ ಶಬ್ದಗಳನ್ನು ಹಗುರ ಎಂದು ಅನುವಾದಕರು ತಳ್ಳುತ್ತಾರೆ. ದಬ್ಲಾಸ್ ಬಂತು ಎಂಬುದನ್ನು ಇಂದು ಬೆಚ್ಚಿಬಿದ್ದೆ ಎಂಬ ಅರ್ಥದಲ್ಲೂ ಆಡುವುದರಿಂದ ಅವರ ಹಿಂಜರಿಕೆ ಪೂರ್ತಿ ತಪ್ಪೂ ಅಲ್ಲ.

ಸ್ಟ್ರೋಕ್ ಎಂಬ ಇಂಗ್ಲಿಷ್ ಮಾತನ್ನೇ ತೆಗೆದುಕೊಳ್ಳಿ. ಪೆಟ್ಟು ಎಂಬ ಅರ್ಥದ ಆ ಶಬ್ದದ ಹಿಂದೆ ಅಪೊಪ್ಲೆಕ್ಸಿ ಎಂಬ ಹಳೆಯ ಗ್ರೀಕ್ ಕಲ್ಪನೆಯಿದೆ, ಕೆಡವಿ ಬೀಳಿಸುವ ಹೊಡೆತ. ಆದರೆ ಇಂದಿನ ಗ್ರೀಕರು ಅಪೊಪ್ಲಿಕ್ಸಿಯ ಎಂಬುದನ್ನು ಬದಿಗಿಟ್ಟು ಎಂಗೆಫಲಿಕೊ ಎಪಿಸೋದಿಯೊ, ಮಿದುಳಿನ ಪ್ರಸಂಗ ಎನ್ನುತ್ತಾರೆ. ಮಾತಿನಲ್ಲಿ ಅದು ಇನ್ನೂ ತುಂಡಾಗಿ ಎಂಗೆಫಲಿಕೊ, ಮಿದುಳಿನದು ಎಂದಷ್ಟೇ ಉಳಿಯುತ್ತದೆ. ಹಾರ್ಟ್ ಅಟ್ಯಾಕಿಗೆ ಅಕ್ಷರಶಃ ಹೃದಯದ ದಾಳಿ ಎಂಬ ಪದ ಅವರಲ್ಲೂ ಇದೆ. ಆದರೂ ಬೀದಿಯ ಮನುಷ್ಯನೂ ಹೇಳುವುದು ಎಂಫ್ರಾಗ್ಮ, ತಡೆ. ಇಂಗ್ಲಿಷಿನಲ್ಲಿ ವೈದ್ಯರು ಮಾತ್ರ ಬಳಸುವ ಖಚಿತತೆ ಅಲ್ಲಿ ಎಲ್ಲರ ಸೊತ್ತು. ಹೃದಯ ಏಕಾಏಕಿ ನಿಲ್ಲುವುದು ಅನಕೊಪಿ. ಇಂಗ್ಲಿಷಿನ ಹಾರ್ಟ್ ಫೇಲ್ಯೂರ್ ಗ್ರೀಕಿನಲ್ಲಿ ಅನೆಪಾರ್ಕಿಯ, ಸಾಲದಾಗುವುದು. ಫೇಲ್ ಎಂಬುದನ್ನು ಪರೀಕ್ಷೆಯ ಫೇಲಿನಂತೆ ಕೇಳಿಸಿಕೊಂಡು ಕತೆ ಮುಗಿಯಿತೆಂದುಕೊಳ್ಳುವ ರೋಗಿಗಳು ನಮ್ಮಲ್ಲಿದ್ದಾರೆ. ಹೃದಯ ಕೆಲಸ ಮಾಡುತ್ತಿದೆ, ಸಾಲುತ್ತಿಲ್ಲ ಎಂಬ ಗ್ರೀಕ್ ಮಾತು ವೈದ್ಯದೃಷ್ಟಿಯಿಂದಲೂ ಹೆಚ್ಚು ಸರಿ. ಈ ಒಂದು ಕಡೆ ಅನುವಾದ ಮೂಲಕ್ಕಿಂತ ಮೇಲು ಎಂದು ನಾನು ಹೇಳಬಲ್ಲೆ.

ಸಿಂಕೊಪಿ ಎಂಬುದು ಇವೆಲ್ಲಕ್ಕಿಂತ ಅಪಾಯದ್ದು. ವೈದ್ಯಕೀಯ ಇಂಗ್ಲಿಷಿನಲ್ಲಿ ಅದು ಸ್ವಲ್ಪ ಹೊತ್ತು ಎಚ್ಚರ ತಪ್ಪಿ ಮತ್ತೆ ತಿಳಿಯುವ ಸ್ಥಿತಿ. ಗ್ರೀಕ್ ವೈದ್ಯರೂ ಹಾಗೆಯೇ ಬರೆಯುತ್ತಾರೆ. ಆದರೆ ಗ್ರೀಕ್ ಜನರ ಬಾಯಲ್ಲಿ ಸಿಂಗೊಪಿಯಿಂದ ಹೋದ ಎಂದರೆ ಎದೆ ನಿಂತು ಸತ್ತ ಎಂದು. ನಿಮಗೆ ಸಿಂಗೊಪಿ ಆಗಿತ್ತು, ಮನೆಗೆ ಹೋಗಬಹುದು ಎಂಬ ಬಿಡುಗಡೆ ಪತ್ರ ಹಿಡಿದ ಮುದುಕ ಏನೆಂದುಕೊಳ್ಳಬೇಕು? ಅಲ್ಲಿ ಬೇಕಿದ್ದುದು ಲಿಪೊಥಿಮಿಯ ಎಂಬ, ಎಲ್ಲರೂ ಬಲ್ಲ ತಲೆತಿರುಗಿ ಬೀಳುವ ಮಾತು. ಇಲ್ಲಿ ಶಬ್ದ ಒಂದೇ, ಕಾಗುಣಿತ ಒಂದೇ, ನಿಘಂಟು ಎರಡನ್ನೂ ಒಪ್ಪುತ್ತದೆ. ತಪ್ಪು ಮಾತ್ರ ಪ್ರಾಣಕ್ಕೆ ಸಂಬಂಧಿಸಿದ್ದು.

ನಾಮಪದದ ಗಲಾಟೆಯಲ್ಲಿ ಕ್ರಿಯಾಪದವನ್ನು ಮರೆಯುವುದು ಎಲ್ಲ ಪರಿಭಾಷಾ ಸಮಿತಿಗಳ ದೋಷ. ಇಂಗ್ಲಿಷಿನವನು ಸ್ಟ್ರೋಕನ್ನು ಹೊಂದುತ್ತಾನೆ, ವಸ್ತುವಿನ ಹಾಗೆ. ಗ್ರೀಕನು ಅದನ್ನು ಪಥೆನೊ ಎನ್ನುವ ಕ್ರಿಯಾಪದದಿಂದ ಹೇಳುತ್ತಾನೆ, ಅನುಭವಿಸಿದ, ಈಡಾದ. ಕನ್ನಡದಲ್ಲಿ ಲಕ್ವ ಹೊಡೆಯುತ್ತದೆ, ಜ್ವರ ಬರುತ್ತದೆ, ಎಲ್ಲವೂ ನಮಗೆ ಆಗುತ್ತದೆ. ಇಷ್ಟಕ್ಕೇ ನಿಲ್ಲದೆ ಗ್ರೀಕ್ ಕ್ರಿಯಾಪದ ಅನುವಾದಕನನ್ನು ಹೆಜ್ಜೆಹೆಜ್ಜೆಗೂ ಒಂದು ಪ್ರಶ್ನೆ ಕೇಳುತ್ತದೆ: ಈ ಕೆಲಸ ಒಮ್ಮೆ ಮಾಡಿ ಮುಗಿಸುವುದೋ, ಮತ್ತೆ ಮತ್ತೆ ಮಾಡುವುದೋ? ತೆಗೆದುಕೊಳ್ಳಿ ಎಂಬ ಇಂಗ್ಲಿಷ್ ವಿಧಿಗೆ ಗ್ರೀಕಿನಲ್ಲಿ ಎರಡು ರೂಪ. ಒಂದು ಈ ಮಾತ್ರೆಯನ್ನು ಈಗ ತೆಗೆದುಕೊಳ್ಳಿ ಎಂಬುದಕ್ಕೆ, ಇನ್ನೊಂದು ದಿನವೂ ತೆಗೆದುಕೊಳ್ಳುತ್ತಿರಿ ಎಂಬುದಕ್ಕೆ. ರಕ್ತ ತೆಳುವಾಗಿಸುವ ಔಷಧಿಯ ವಿಷಯದಲ್ಲಿ ಇದು ವ್ಯಾಕರಣದ ಸೂಕ್ಷ್ಮವಾಗಿ ಉಳಿಯುವುದಿಲ್ಲ. ಆಗಬಹುದು ಎಂಬ ಸಂಭವವನ್ನು ಇಂಗ್ಲಿಷ್ ಮೂರು ನಾಲ್ಕು ಸಹಾಯಕ ಕ್ರಿಯೆಗಳಲ್ಲಿ ಏರಿಳಿಸಿ ಹೇಳುತ್ತದೆ. ಗ್ರೀಕಿನಲ್ಲಿ ಅವೆಲ್ಲ ಹೆಚ್ಚಾಗಿ ಬೋರಿ ನ ಎಂಬ ಒಂದರಲ್ಲಿ ಸೇರಿಹೋಗುತ್ತವೆ. ಎಂದೆಹೆತೆ ಎಂಬ ಇನ್ನೊಂದಿದೆ, ಆದರೆ ಅದಕ್ಕೆ ಕಚೇರಿಯ ವಾಸನೆ. ಭಯದ ಪ್ರಮಾಣವನ್ನು ಹಾಗಾದರೆ ಬೇರೆ ಶಬ್ದಗಳಿಂದ ತುಂಬಿಕೊಡಬೇಕು.

ಯುರೋಪಿನ ಕಾನೂನು ಈ ಕೊರತೆಯನ್ನು ಅಂಕಿಯಿಂದ ತುಂಬಲು ನೋಡಿದೆ. 2001ರ ನಿರ್ದೇಶನದ ಪ್ರಕಾರ ಔಷಧಿಯ ಪೆಟ್ಟಿಗೆಯೊಳಗಿನ ಮಾಹಿತಿ ಪತ್ರ ಆಯಾ ದೇಶದ ಅಧಿಕೃತ ಭಾಷೆಯಲ್ಲಿರಬೇಕು. ಅಡ್ಡಪರಿಣಾಮ 10 ಜನರಲ್ಲಿ ಒಬ್ಬರಿಗಿಂತ ಹೆಚ್ಚಿನವರಿಗೆ ಆದರೆ ತೀರ ಸಾಮಾನ್ಯ, 10ರಲ್ಲಿ ಒಬ್ಬರವರೆಗೆ ಸಾಮಾನ್ಯ, 100ರಲ್ಲಿ ಒಬ್ಬರವರೆಗೆ ಅಸಾಮಾನ್ಯ, 1,000ದಲ್ಲಿ ಒಬ್ಬರವರೆಗೆ ಅಪರೂಪ, 10,000ದಲ್ಲಿ ಒಬ್ಬರವರೆಗೆ ತೀರ ಅಪರೂಪ. ಅಸಾಮಾನ್ಯ ಎಂಬಲ್ಲಿ ಗ್ರೀಕ್ ಮಾದರಿ ಆಗಾಗ ಅಲ್ಲದ್ದು ಎಂದು ಸರಳವಾಗಿ ಬರೆಯುತ್ತದೆ, ಒಳ್ಳೆಯ ಆಯ್ಕೆ. ಅದೇ ಪತ್ರದಲ್ಲಿ ಸಾವು ಬರಬಹುದು ಎನ್ನಬೇಕಾದಾಗ ಎರಡು ದಾರಿಗಳಿವೆ. ಥನತಿಫೊರೊ ಎಂದರೆ ಸಾವು ತರುವಂಥದು. ಮಿರೆಯೊ ಎಂದರೆ ವಿಧಿಯ ಪಾಲಾದದ್ದು, ಮೊಯಿರಾ ಎಂಬ ಹಳೆಯ ವಿಧಿದೇವತೆಯ ಹೆಸರಿನಿಂದ ಬಂದದ್ದು. ಪತ್ರಿಕೆಗಳಿಗೆ ಎರಡನೆಯದು ಇಷ್ಟ. ನನ್ನ ಮತ ಮೊದಲನೆಯದರ ಕಡೆ. ವಿಧಿ ಎಂದೊಡನೆ ಮನುಷ್ಯ ಕೈಚೆಲ್ಲುತ್ತಾನೆ. ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕಾದವನಿಗೆ ಆ ಭಾವ ಬೇಡ.

ಸಾವಿನ ಹತ್ತಿರದ ಮಾತಿನಲ್ಲಿ ಗ್ರೀಕರ ಸಂಕೋಚ ನಮ್ಮದಕ್ಕೆ ದೂರದ್ದಲ್ಲ. ಕ್ಯಾನ್ಸರಿನಿಂದ ತೀರಿಕೊಂಡವರ ಸುದ್ದಿಯಲ್ಲಿ ಎಪಾರತಿ ನೋಸೊಸ್, ಶಾಪಗ್ರಸ್ತ ರೋಗ ಎಂದು ಬರೆಯುವ ಪದ್ಧತಿ ಬಹುಕಾಲ ಇತ್ತು. ಮನೆಮಾತಿನಲ್ಲಿ ಅದು ಕೆಟ್ಟ ಕಾಯಿಲೆ. ರೋಗಿಗೆ ಹೇಳದೆ ಮನೆಯವರಿಗೆ ಹೇಳುವ ಸಂಪ್ರದಾಯವೂ ಅಲ್ಲಿ ಬಲವಾಗಿತ್ತು. 2005ರ ವೈದ್ಯನೀತಿ ಕಾನೂನು ವೈದ್ಯನಿಗೆ ರೋಗಿಯ ವಿಷಯದಲ್ಲಿ ಸತ್ಯದ ಕರ್ತವ್ಯವಿದೆ ಎಂದು ಸ್ಪಷ್ಟವಾಗಿ ಸಾರಿತು, ತಿಳಿಯಬಯಸದ ರೋಗಿಯ ಹಕ್ಕನ್ನೂ ಉಳಿಸಿತು. ಕೊನೆಯ ಹಂತದ ರೋಗಿಗೆ ನೋವು ಶಮನ ಮಾಡುವ ಆರೈಕೆಗೆ ಅವರು ಕೊಟ್ಟಿರುವ ಎರಡು ಹೆಸರುಗಳಲ್ಲಿ ಒಂದಕ್ಕೆ ಉಪಶಮನ ಎಂಬ ಅರ್ಥ, ಇನ್ನೊಂದಕ್ಕೆ ಸಾಂತ್ವನ ಎಂಬ ಅರ್ಥ. ಬಳಕೆಯಲ್ಲಿ ಎರಡೂ ಇವೆ. ಅದು ಹಾಗೇ ಇರಲಿ, ಎರಡೂ ಬೇಕಾಗುವ ಸ್ಥಿತಿ ಅದು.

ಇನ್ನು ಪರಿಶೀಲನೆಯ ಕ್ರಮ. ಅನುವಾದ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದೊಡನೆ ಹೋಲಿಸುವುದು ಜಗತ್ತಿನಾದ್ಯಂತ ಒಪ್ಪಿತವಾದ ಪದ್ಧತಿ. ಗ್ರೀಕಿನ ವಿಷಯದಲ್ಲಿ ಈ ಪದ್ಧತಿ ಮೋಸ ಮಾಡುತ್ತದೆ. ಸಿಪ್ಸಿಯನ್ನು ಹಿಂದಕ್ಕೆ ತಂದರೆ ಸೆಪ್ಸಿಸ್ ಬರುತ್ತದೆ, ಸಿಂಗೊಪಿಯನ್ನು ತಂದರೆ ಸಿಂಕೊಪಿ ಬರುತ್ತದೆ. ಎರಡು ಕಾಗದಗಳೂ ಹೊಂದುತ್ತವೆ, ಪರಿಶೀಲಕ ಸಹಿ ಹಾಕುತ್ತಾನೆ. ಓದುಗನ ತಲೆಯಲ್ಲಿ ಆದ ಅನರ್ಥ ಈ ಪ್ರಯಾಣದಲ್ಲಿ ಎಲ್ಲೂ ಸಿಕ್ಕಿಬೀಳುವುದಿಲ್ಲ. ಓದುಗನನ್ನೇ ಕೇಳುವ ಪದ್ಧತಿಯನ್ನೂ ಯುರೋಪ್ ರೂಢಿಸಿದೆ: ಮಾಹಿತಿ ಪತ್ರವನ್ನು ಸಾಮಾನ್ಯ ಜನರ ಕೈಗೆ ಕೊಟ್ಟು ಪ್ರಶ್ನೆ ಕೇಳುವುದು, ನೂರಕ್ಕೆ 90 ಜನ ಬೇಕಾದ ಮಾಹಿತಿಯನ್ನು ಹುಡುಕಬಲ್ಲರೇ, ಅವರಲ್ಲಿ ನೂರಕ್ಕೆ 90 ಜನ ಅದನ್ನು ಅರ್ಥ ಮಾಡಿಕೊಂಡರೇ ಎಂದು ನೋಡುವುದು. ಆದರೆ ಒಂದು ಅಧಿಕೃತ ಭಾಷೆಯಲ್ಲಿ ಪರೀಕ್ಷೆ ಮಾಡಿದರೆ ಸಾಕು ಎಂಬ ರಿಯಾಯಿತಿಯಿದೆ. ಇಂಗ್ಲಿಷಿನಲ್ಲಿ ಪರೀಕ್ಷೆಗೊಳಗಾದ ಪತ್ರದ ಗ್ರೀಕ್ ಅನುವಾದ ಗ್ರೀಕ್ ರೋಗಿಯ ಎದುರು ಒಮ್ಮೆಯೂ ಕೂರದೆ ಪೆಟ್ಟಿಗೆ ಸೇರಬಹುದು. ಹಣ ಉಳಿಸುವ ಈ ರಿಯಾಯಿತಿ ನನಗೆ ಒಪ್ಪಿಗೆಯಿಲ್ಲ.

ಗ್ರೀಕ್ ಓದುಗ ಎಂದರೆ ಅಥೆನ್ಸಿನವನೇ ಎಂದುಕೊಳ್ಳುವುದೂ ತಪ್ಪು. ಇಂಗ್ಲಿಷಿನಿಂದ ಗ್ರೀಕಿಗೆ ವೈದ್ಯದ ಮಾತು ಪ್ರತಿದಿನ ದಾಟುವ ದೊಡ್ಡ ಜಾಗಗಳಲ್ಲಿ ಮೆಲ್ಬರ್ನ್ ಒಂದು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಹಳ್ಳಿಗಳಿಂದ ಹೋದ ಗ್ರೀಕರು ಇಂದು ಅಲ್ಲಿ ವೃದ್ಧರು. ಆಸ್ಟ್ರೇಲಿಯ 1973ರಲ್ಲೇ ದೂರವಾಣಿ ದುಭಾಷಿ ಸೇವೆ ಆರಂಭಿಸಿತು, 1977ರಲ್ಲಿ ಅನುವಾದಕರಿಗೂ ದುಭಾಷಿಗಳಿಗೂ ಅರ್ಹತೆ ಗೊತ್ತುಪಡಿಸುವ ಸಂಸ್ಥೆ ಕಟ್ಟಿತು. ಆ ವೃದ್ಧರು ಊರು ಬಿಟ್ಟ ಮೇಲೆ ಅಥೆನ್ಸಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಹೆಸರುಗಳು ಅವರಿಗೆ ಇಂಗ್ಲಿಷಿನಷ್ಟೇ ಪರಕೀಯ. ಅವರಿಗೆ ದಬ್ಲಾಸ್ ಗೊತ್ತು. ಪತ್ರದಲ್ಲಿ ಎಂಗೆಫಲಿಕೊ ಇರಲಿ, ಪಕ್ಕದಲ್ಲಿ ದಬ್ಲಾಸ್ ಕೂಡ ಇರಲಿ; ಮರ್ಯಾದೆಯೇನೂ ಹೋಗುವುದಿಲ್ಲ.

ಈಗ ಹಿಪ್ಪೊಕ್ರಟೀಸನ ವೈದ್ಯರ ಅಭ್ಯಾಸಕ್ಕೆ ಮರಳುತ್ತೇನೆ. ಹೆಸರು ಸೋಲುವಲ್ಲಿ ಲಕ್ಷಣ ಗೆಲ್ಲುತ್ತದೆ. ಸ್ಟ್ರೋಕನ್ನು ಗುರುತಿಸಲು ಇಂಗ್ಲಿಷಿನಲ್ಲಿ ಮುಖ, ತೋಳು, ಮಾತು, ಸಮಯ ಎಂಬ ಪದಗಳ ಮೊದಲ ಅಕ್ಷರ ಕೂಡಿಸಿ ಬೇಗ ಎಂಬ ಅರ್ಥದ ಫಾಸ್ಟ್ ಎಂಬ ಸೂತ್ರ ಮಾಡಿದ್ದಾರೆ. ಗ್ರೀಕಿಗೆ ತಂದರೆ ಅಕ್ಷರಗಳು ಚೆದರಿಹೋಗುತ್ತವೆ, ಸೂತ್ರ ಸಾಯುತ್ತದೆ. ಸೂತ್ರವನ್ನು ಬಿಟ್ಟು ಬಾಯಿ ಒಂದು ಕಡೆ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಂದು ಬಿಡಿಸಿ ಬರೆಯುವುದೇ ಸರಿ. ಅಲ್ಲೂ ಒಂದು ಎಚ್ಚರ ಬೇಕು. ಗ್ರೀಕರ ಹೇರಿ ನಮ್ಮ ಕೈಯಂತೆ ಭುಜದಿಂದ ಬೆರಳವರೆಗೂ ಸಲ್ಲುತ್ತದೆ, ಅವರ ಪೋದಿ ನಮ್ಮ ಕಾಲಿನಂತೆ ತೊಡೆಯಿಂದ ಪಾದದವರೆಗೂ. ಕಾಲು ಊದಿದರೆ ಎಂದಷ್ಟೇ ಬರೆದರೆ ರಕ್ತ ಹೆಪ್ಪುಗಟ್ಟಿದ ಮೀನಖಂಡದ ಊತವನ್ನು ಪಾದದ ಮಾಮೂಲಿ ಊತ ಎಂದು ತಳ್ಳಿಹಾಕಬಹುದು; ಗಾಂಬ, ಎಂದರೆ ಮೀನಖಂಡ, ಎಂದು ಬೊಟ್ಟುಮಾಡಿ ಹೇಳಬೇಕು. ಕೊನೆಗೆ ತುರ್ತು ಕರೆಯ ಸಂಖ್ಯೆ. ಬ್ರಿಟನ್ನಿನ ಪತ್ರದಲ್ಲಿ 999 ಇರುತ್ತದೆ, ಆಸ್ಟ್ರೇಲಿಯದ್ದರಲ್ಲಿ 000. ಅಥೆನ್ಸಿನ ರೋಗಿಗೆ ಬೇಕಾದದ್ದು 166 ಅಥವಾ 112. ಸಂಖ್ಯೆಯೂ ಅನುವಾದವಾಗಬೇಕಾದ ಪದವೇ.

ಕನ್ನಡ ಮತ್ತು ಗ್ರೀಕ್ ಎಂದೊಡನೆ ನಮ್ಮಲ್ಲಿ ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದ ಮಾತೇಳುವುದು ವಾಡಿಕೆ. ಅದರಲ್ಲಿ ಕನ್ನಡವಿದೆಯೋ ಇಲ್ಲವೋ ಎಂಬ ಚರ್ಚೆಯನ್ನು ಆ ಕ್ಷೇತ್ರದ ವಿದ್ವಾಂಸರಿಗೆ ಬಿಡುತ್ತೇನೆ. ನನಗೆ ಕಾಣುವ ನಂಟು ಬೇರೆ. ಗ್ರೀಕರಿಗೆ ಕಥರೆವುಸ ಹೇಗೋ ನಮ್ಮ ವೈದ್ಯ ಪರಿಭಾಷೆಗೆ ಸಂಸ್ಕೃತ ಹಾಗೆ. ಹೃದಯಸ್ತಂಭನ, ಹೃದಯಾಘಾತ, ಹೃದಯ ವೈಫಲ್ಯ ಎಂಬ ಮೂರು ಪದಗಳನ್ನು ಒಬ್ಬ ಓದುಗ ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತಾನೆ ಎಂದು ನಾವು ಯಾವ ಆಧಾರದ ಮೇಲೆ ನಂಬಿದ್ದೇವೆ? ಗ್ರೀಕಿನಲ್ಲಿ ಶಬ್ದ ತೀರ ಹತ್ತಿರವಾಗಿ ಕೆಡುತ್ತದೆ, ನಮ್ಮಲ್ಲಿ ತೀರ ದೂರವಾಗಿ. ಎರಡೂ ಕಡೆ ಅದನ್ನು ಪತ್ತೆಹಚ್ಚಬಲ್ಲವನು ನಿಘಂಟಿನವನಲ್ಲ, ರೋಗಿಯ ಪಕ್ಕದ ಕುರ್ಚಿಯಲ್ಲಿ ಕೂತ ಮನೆಯವನು.

ಈ ಸಭೆಯಲ್ಲಿ ಆಸ್ಪತ್ರೆಗಳನ್ನು ನಡೆಸುವವರಿದ್ದೀರಿ, ಪರಿಭಾಷೆ ಸಿದ್ಧಪಡಿಸುವವರಿದ್ದೀರಿ, ಔಷಧಿ ಪ್ರಯೋಗಗಳ ನೀತಿ ಸಮಿತಿಗಳಲ್ಲಿ ಕೂರುವವರೂ ಇದ್ದೀರಿ. ಕನ್ನಡದ ಒಪ್ಪಿಗೆ ಪತ್ರವೊಂದು ನಿಮ್ಮ ಮೇಜಿಗೆ ಬಂದಾಗ ಹಿಂದಿರುಗಿಸಿದ ಇಂಗ್ಲಿಷ್ ಪ್ರತಿಯನ್ನು ನೋಡಿ ತೃಪ್ತರಾಗಬೇಡಿ. ವೈದ್ಯರೂ ಭಾಷಾ ಅಧ್ಯಾಪಕರೂ ಅಲ್ಲದ ಹತ್ತು ಜನರಿಗೆ ಅದನ್ನು ಓದಿಸಿ, ಏನಾದರೆ ಆಸ್ಪತ್ರೆಗೆ ಓಡಬೇಕು ಎಂದು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಅಚ್ಚಿಗೆ ಕಳಿಸಿ ಎಂದು ಕೇಳಿಕೊಳ್ಳುತ್ತೇನೆ.